ಮಡಿಕೇರಿ ಬಸ್ಸಿನಲ್ಲಿ ಹೋದ ಅರ್ಧ ಹಾಡು

ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ತನ್ನ ಪಾಡಿಗೆ ಗುನುಗುತ್ತಾ ನಿಂತವನು ಇದ್ದಕ್ಕಿದ್ದಂತೆ ಬಾಯಿ ಮುಚ್ಚಿದನೆಂದರೆ ಎರಡೇ ಕಾರಣ. ಒಂದೋ ಬಾಯೊಳಗೆ ನೊಣ ಹೋಗಿರಬೇಕು, ಇಲ್ಲವೇ ನಮ್ಮ ಸೋದರತ್ತೆ ಬಂದಿರಬೇಕು. ನೊಣವಾದರೆ ಉಗಿಯಬಹುದು. ನಮ್ಮತ್ತೆಯನ್ನು ಏನು ಮಾಡುತ್ತೀರಿ?

“ಯಾವ ಪದನಪ್ಪ ಅದು? ಇನ್ನೊಂದ್ಸಲ ಹೇಳು” ಎಂದು ಎದುರಿಗೆ ನಿಂತುಬಿಡುತ್ತಿದ್ದರು. ಅವನು ನಾಚಿಕೊಂಡು ಹೇಳಿದರೆ, “ಇನ್ನೊಂದ್ಸಲ.” ಅದೂ ಆಯಿತೆಂದರೆ, “ಮೂರನೇದು ಗಂಟಲು ಬಿಟ್ಟು ಹೇಳು. ಬಸ್ಸೇನು ಓಡೋಗಲ್ಲ ಬುಡು.” ಬಸ್ಸಿನ ಕೆಲಸವೇ ಓಡಿಹೋಗುವುದು! ಬಿಳಿಕೆರೆಗೆ ಹೊರಟಿದ್ದ ಬಡಗಿಯೊಬ್ಬ ಒಂದೇ ಬೆಳಿಗ್ಗೆ ಮೂರು ಬಸ್ಸು ತಪ್ಪಿಸಿಕೊಂಡು, ನಾಲ್ಕನೆಯದಕ್ಕೆ ಹತ್ತಿದಾಗ ಮೂಗನ ಹಾಗೆ ಕೈಸನ್ನೆಯಲ್ಲೇ ಟಿಕೆಟ್ ಕೇಳಿದನಂತೆ.

ಇದೆಲ್ಲ ಉತ್ಪ್ರೇಕ್ಷೆ ಅನ್ನಿಸಿದರೆ ತಪ್ಪು ನಿಮ್ಮದಲ್ಲ. ನನಗೂ ಆಗಾಗ ಹಾಗೆ ಅನ್ನಿಸುತ್ತದೆ. ನೆನಪನ್ನು ನಂಬಬಾರದೆಂದು ಮೈಸೂರಿನ ಕಾಲೇಜಿಗೆ ಸೇರಿದ ವರ್ಷವೇ ಡೈರಿ ಬರೆಯುವ ಚಟ ಹತ್ತಿಸಿಕೊಂಡವಳು ನಾನು. ಈಗಲೂ ಆ ಡೈರಿಗಳನ್ನು ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ. ಆದರೆ ಡೈರಿ ಬರೆದವಳೂ ನಾನೇ ಅಲ್ಲವೆ? ಆ ಹುಡುಗಿಯನ್ನು ಎಷ್ಟು ನಂಬುವುದು? ಒಂದು ಪುಟದಲ್ಲಿ ಅತ್ತೆಯ ಸೀರೆ ಹಸಿರು, ಅದೇ ದಿನದ ಮುಂದಿನ ಪುಟದಲ್ಲಿ ಊದಾ! ನಡುವೆ ಅತ್ತೆ ಸೀರೆ ಬದಲಾಯಿಸಿದರೋ, ನಾನು ಪೆನ್ನು ಬದಲಾಯಿಸಿದೆನೋ, ಯಾರಿಗೆ ಗೊತ್ತು?

ಅತ್ತೆ ನಮ್ಮಪ್ಪನ ಒಬ್ಬಳೇ ತಂಗಿ. ಹುಣಸೂರಿನಿಂದ ಮೂರು ಮೈಲಿ ಆಚೆ ಅವರ ಹೊಲ. ನಾಲ್ಕು ಎಕರೆ ಹೊಗೆಸೊಪ್ಪು, ಅದನ್ನು ಒಣಗಿಸಲು ಒಂದು ಬ್ಯಾರನ್. ಗಂಡ ತೀರಿಕೊಂಡಾಗ ಅವರಿಗೆ ಮೂವತ್ತು ದಾಟಿತ್ತೋ ಇಲ್ಲವೋ. ಮಕ್ಕಳಿಲ್ಲ. ಸೊಪ್ಪು ಬೆಳೆಯುವುದು, ಒಣಗಿಸುವುದು, ಗ್ರೇಡು ಮಾಡುವುದು, ಮಾರುವುದು ಎಲ್ಲ ಒಬ್ಬರೇ. ಬೆರಳ ತುದಿಗಳು ಸದಾ ಕಂದು, ಮಾತು ಸದಾ ಬಿಸಿ.

ಅವರು ಹಾಡಿನ ಹಿಂದೆ ಬಿದ್ದದ್ದು ಹೇಗೆಂದರೆ, ಅದು ನಮ್ಮ ಮನೆಯಲ್ಲಿ ಒಂದು ದೊಡ್ಡ ತಮಾಷೆಯ ಕಥೆ. ನಾನು ಹೈಸ್ಕೂಲಿನಲ್ಲಿದ್ದೆ. ಮಾವ ತೀರಿಕೊಂಡು ಮೂರು ತಿಂಗಳಾಗಿತ್ತು. ಕೆ.ಆರ್. ನಗರದಲ್ಲಿ ಮೇಷ್ಟರಾಗಿದ್ದ ಅಪ್ಪ, “ಹೊಲ ಗುತ್ತಿಗೆಗೆ ಕೊಟ್ಟು ನಮ್ಮನೆಗೆ ಬಂದುಬಿಡು” ಎಂದು ತಂಗಿಗೆ ಕಾಗದ ಬರೆದರು. ಅತ್ತೆ ಹೊರಟರು. ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಟ್ರಂಕನ್ನು ಕೆ.ಆರ್. ನಗರದ ಬಸ್ಸಿನ ಮೇಲಕ್ಕೆ ಹಾಕಿಸಿದರು. ಇನ್ನೇನು ಹತ್ತಬೇಕು, ಪಕ್ಕದಲ್ಲಿ ಹೊರಟ ಮಡಿಕೇರಿ ಬಸ್ಸಿನ ಹಿಂದಿನ ಸೀಟಿನಿಂದ ಒಂದು ಹಾಡು ಕೇಳಿಸಿತು. ಅತ್ತೆ ಆ ಬಸ್ಸಿನ ಹಿಂದೆ ಓಡಿದರು! ಲಕ್ಷ್ಮಣತೀರ್ಥದ ಸೇತುವೆಯವರೆಗೂ ಓಡಿದರು. ಬಸ್ಸು ಸೇತುವೆ ದಾಟಿತು, ಹಾಡು ಅರ್ಧಕ್ಕೇ ಕಿವಿಯಿಂದ ಹೋಯಿತು. ವಾಪಸ್ ಬರುವಷ್ಟರಲ್ಲಿ ಕೆ.ಆರ್. ನಗರದ ಬಸ್ಸೂ ಹೋಗಿತ್ತು. ಸಂಜೆ ಅಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ತಂಗಿಯನ್ನು ಎದುರುಗೊಳ್ಳಲು ನಿಂತಿದ್ದ ಅಪ್ಪನ ಮುಂದೆ ಟ್ರಂಕು ಮಾತ್ರ ಇಳಿಯಿತು.

“ಬಸ್ಸು ತಪ್ಪಿಸಿಕೊಂಡವರು ಮುಂದಿನ ಬಸ್ಸಿಗೆ ಬರ್ತಾರೆ. ನನ್ನ ತಂಗಿ ತಪ್ಪಿಸಿಕೊಂಡು ಇಷ್ಟು ವರ್ಷ ಆಯ್ತು, ಇನ್ನೂ ಬರ್ತಾನೇ ಇದಾಳೆ!” ಎಂದು ಅಪ್ಪ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಟ್ರಂಕು ಅವರ ಮಂಚದ ಕೆಳಗೇ ಇತ್ತು. ಕಳಿಸಿಕೊಡಿ ಎಂದು ಅಮ್ಮ ಹೇಳಿದರೆ, “ಯಾಕೆ? ಬೇಕಾದವಳು ಬಂದು ತಗೊಂಡು ಹೋಗಲಿ” ಎನ್ನುತ್ತಿದ್ದರು. ನಗುತ್ತಲೇ ಎನ್ನುತ್ತಿದ್ದರು. ಆದರೆ ಕಳಿಸಲಿಲ್ಲ.

ಕಾಲೇಜಿನ ಮೊದಲ ದಸರಾ ರಜೆಯಲ್ಲಿ ಅತ್ತೆಯ ಮನೆಗೆ ಹೋದಾಗ ನಾನು ಡೈರಿ ತೆಗೆದು ಕ್ರಮವಾಗಿ ವಿಚಾರಣೆ ನಡೆಸಿದೆ.

“ಯಾವ ಭಾಷೆ ಅತ್ತೆ?”

“ಇಂಜಿನ್ ಸದ್ದಲ್ಲಿ ಭಾಷೆ ಎಲ್ಲಿ ಕೇಳುತ್ತೆ? ರಾಗ ಕೇಳ್ತು.”

“ಭಕ್ತಿಗೀತೆಯೋ? ಸಿನಿಮಾದ್ದೋ?”

“ಹಣೆ ಮೇಲೆ ಬರಕೊಂಡು ಬತ್ತದಾ?”

“ಹೋಗಲಿ, ಹಾಡ್ತಿದ್ದದ್ದು ಗಂಡಸೋ ಹೆಂಗಸೋ?”

“ಹಾಡು ಕಣೆ!”

“ಹಾಗಾದರೆ ಹುಡುಕೋದು ಹೇಗೆ?”

ಅತ್ತೆ ನನ್ನನ್ನು ಕನಿಕರದಿಂದ ನೋಡಿದರು. “ಎಮ್ಮೆ ಕಳೆದೋದ್ರೆ ಒಂದೇ ದಿಕ್ಕಿಗೆ ಹೋಗಿ ಕೂಗ್ತಾರಾ ಕಣಮ್ಮಿ? ಎಲ್ಲಾ ದಿಕ್ಕಿಗೂ ಹೋಗ್ಬೇಕು.”

ಹೀಗೆ ನಮ್ಮತ್ತೆ ಎಲ್ಲಾ ದಿಕ್ಕಿಗೂ ಹೋದರು. ಒಂದು ಎಮ್ಮೆ ಹುಡುಕಲು ಹೊರಟವರು ದಾರಿಯಲ್ಲಿ ಸಿಕ್ಕ ಕುರಿ, ಕುದುರೆ, ನವಿಲುಗಳನ್ನೆಲ್ಲ ಮನೆಗೆ ಹೊಡೆದುಕೊಂಡು ಬಂದರೆ ಹೇಗಿರುತ್ತದೋ ಹಾಗೆ.

ಆ ಅರ್ಧ ಹಾಡನ್ನು ಅತ್ತೆ ಗುನುಗಿದರು, ನಾನು ಸ್ವರ ಹಾಕಿ ಬರೆದುಕೊಂಡೆ. ನನ್ನ ಸಂಗೀತ ಜ್ಞಾನ ಹಾಸ್ಟೆಲಿನ ಗೆಳತಿಯಿಂದ ಕಲಿತ ನಾಲ್ಕು ಸರಳೆ ದಾಟಿದ್ದಲ್ಲ. ಮರುವರ್ಷ ಮತ್ತೆ ಬರೆದೆ. ಅದರ ಮರುವರ್ಷ ಮತ್ತೆ. ಮೂರು ಬರಹ ಮೂರು ಥರ! ಅತ್ತೆಯ ನೆನಪು ಜಾರಿತೋ, ನನ್ನ ಕಿವಿ ಜಾರಿತೋ ಇವತ್ತಿಗೂ ತೀರ್ಮಾನವಾಗಿಲ್ಲ. ಮೂರರಲ್ಲೂ ಒಂದೇ ಒಂದು ಸಂಗತಿ ಮಾತ್ರ ಬದಲಾಗಿಲ್ಲ. ಹಾಡು ಮೆಟ್ಟಿಲು ಹತ್ತಿದಂತೆ ಹತ್ತಿ ಹತ್ತಿ, ಮೇಲಿನ ಮೆಟ್ಟಿಲಿನಲ್ಲಿ ಏನನ್ನೋ ಮರೆತವರ ಹಾಗೆ ನಿಂತುಬಿಡುತ್ತಿತ್ತು. ಅಲ್ಲಿಗೆ ಸೇತುವೆ.

ಸೊಪ್ಪು ಮಾರಿದ ಹಣದಲ್ಲಿ ಅತ್ತೆ ಮೊದಲು ಕೊಂಡದ್ದು ಟ್ರಾನ್ಸಿಸ್ಟರು. ಅದಕ್ಕೆ ಬ್ಯಾರನ್ನಿನ ಗೋಡೆಯ ಮೊಳೆಯೇ ಮನೆ. ಬ್ಯಾರನ್ ನೋಡದವರಿಗಾಗಿ ಎರಡು ಮಾತು: ಅದೊಂದು ಎತ್ತರದ ಮಣ್ಣಿನ ಕೋಣೆ. ಹಸಿ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಒಳಗೆ ಸಾಲಾಗಿ ನೇತುಹಾಕುತ್ತಾರೆ. ಕೆಳಗೆ ತಗಡಿನ ಕೊಳವೆಗಳಲ್ಲಿ ಬೆಂಕಿಯ ಕಾವು. ಐದಾರು ದಿನ ಆ ಕಾವನ್ನು ಮೆಲ್ಲಮೆಲ್ಲಗೆ ಏರಿಸಬೇಕು. ಅವಸರ ಮಾಡಿದರೆ ಎಲೆಯಲ್ಲಿ ಹಸಿರು ಉಳಿಯುತ್ತದೆ, ಮೈಮರೆತರೆ ಕಪ್ಪಾಗುತ್ತದೆ. ಬೆಂಕಿ ಆರಿಸಿದ ಮೇಲೂ ಬಾಗಿಲು ತೆರೆದು, ಗಾಳಿಗೆ ಎಲೆ ಮೆತ್ತಗಾಗಿ ಹದಕ್ಕೆ ಬರುವವರೆಗೆ ಕಾಯಬೇಕು. ಹದಕ್ಕೆ ಮುಂಚೆ ಮುಟ್ಟಿದರೆ ಪುಡಿಪುಡಿ. ಆಮೇಲೆ ಬಣ್ಣ ನೋಡಿ, ಮೈ ನೋಡಿ, ಬೇರೆಬೇರೆ ಗುಡ್ಡೆ ಮಾಡಿ ಗ್ರೇಡು ಹಾಕುವುದು.

ಹಾಡು ಕೇಳುವುದೂ ಹೀಗೇ ಎನ್ನುವುದು ಅತ್ತೆಯ ಸಿದ್ಧಾಂತ. “ಒಂದ್ಸಲ ಕೇಳಿ ಚೆನ್ನಾಗಿಲ್ಲ ಅನ್ನೋದು ಹದಕ್ಕೆ ಬರದ ಸೊಪ್ಪಿಗೆ ಕೈ ಹಾಕಿದಂಗೆ. ಮುರಿಯೋದು ಹಾಡಲ್ಲ ಕಣೆ, ನಿನ್ನ ಕಿವಿ.” ಅದಕ್ಕೇ ಮೂರು ಸಲ!

ಮೈಸೂರು ಸ್ಟೇಷನ್ನಿನಲ್ಲಿ ವಿದ್ವಾಂಸರೊಬ್ಬರ ಆಲಾಪನೆ ಬಂದಾಗ ಅತ್ತೆ ಸೌದೆ ಹಾಕುತ್ತಾ ಹೇಳಿದರು: “ಬೆಂಕಿ ಸಣ್ಣಗಿಟ್ಟವರೆ. ಒಳ್ಳೇದು. ಆದ್ರೆ ಸೊಪ್ಪು ಒಣಗಿ ಗಂಟೆಯಾಯ್ತು, ಬಾಗ್ಲೇ ತೆಗೀತಿಲ್ಲ. ಎರಡನೇ ಗ್ರೇಡು.” ಸಿಲೋನಿನ ಹಿಂದಿ ಸಿನಿಮಾ ಹಾಡಿಗೆ: “ಬಣ್ಣ ಐತೆ, ಮೈ ಇಲ್ಲ. ಮೂರು.” ಊರಿನ ದರ್ಗಾದ ಹತ್ತಿರ ಕೇಳಿದ ಕವ್ವಾಲಿಗೆ: “ಇದು ಬ್ಯಾರನ್ನಲ್ಲ, ಕಾಡ್ಗಿಚ್ಚು! ಆದ್ರೆ ಒಂದೆಲೆನೂ ಸುಟ್ಟಿಲ್ಲ ನೋಡು. ಎರಡು, ಮೇಲಿನ ಎರಡು.”

ಶಾರ್ಟ್‌ವೇವಿನಲ್ಲಿ ಯಾವುದೋ ದೇಶದ ಜಾಜ್ ಸಿಕ್ಕ ದಿನ ಡೈರಿಯಲ್ಲಿ ಎರಡು ಪುಟ ಇದೆ. ತುತ್ತೂರಿಯವನು ಮನಸ್ಸಿಗೆ ಬಂದ ಹಾಗೆ ಹಾರುತ್ತಿದ್ದ. ನನಗೆ ತಲೆನೋವು ಬಂತು. ಅತ್ತೆಯ ಕಣ್ಣು ಅರಳಿತು. “ಇವ್ನು ಸೊಪ್ಪು ಬಿಚ್ಚಿ ಬಿಚ್ಚಿ ಗಾಳಿಗೆ ತೂರ್ತಾವ್ನೆ ಕಣೆ! ಆದ್ರೆ ಅಷ್ಟೂ ಸರಿಯಾದ ಗುಡ್ಡೆಗೇ ಬೀಳ್ತಾವೆ!” ನೂರು ಜನ ಒಟ್ಟಿಗೆ ಪಿಟೀಲು ಬಾರಿಸುವ ಪಾಶ್ಚಾತ್ಯ ಸಂಗೀತ ಕೇಳಿದಾಗ ಮಾತ್ರ ಗ್ರೇಡಿನ ಮಾತು ಬಿಟ್ಟು, “ಇಷ್ಟೊಂದು ಜನಕ್ಕೆ ಅಡಿಗೆ ಯಾರು ಮಾಡ್ತಾರೆ?” ಎಂದರು.

ಒಂದನೇ ಗ್ರೇಡು ಮಾತ್ರ ಯಾವ ಹಾಡಿಗೂ ಸಿಗಲಿಲ್ಲ. “ಅದು ಎತ್ತಿಟ್ಟಿದೆ” ಎನ್ನುತ್ತಿದ್ದರು.

ರಾವಂದೂರಿನಲ್ಲಿ ನಮ್ಮ ಬಳಗದ ಒಂದು ಮದುವೆ. ಗಂಡಿನ ಮೆರವಣಿಗೆಯ ಮುಂದೆ ಬ್ಯಾಂಡ್‌ಸೆಟ್ಟಿನವರು. ಕ್ಲಾರಿಯೋನೆಟ್ ನುಡಿಸುವವನು ಯಾವುದೋ ಹಾಡಿನ ನಡುವೆ ಮೆಟ್ಟಿಲು ಹತ್ತಿದಂಥ ಒಂದು ತಿರುವು ತಂದ. ಅಷ್ಟೇ! ಅತ್ತೆ ಹೆಂಗಸರ ಗುಂಪಿನಿಂದ ನುಗ್ಗಿ ಅವನ ಎದುರಿಗೆ ನಿಂತರು.

“ಅಲ್ಲಿಂದ ಇನ್ನೊಂದ್ಸಲ ನುಡಿಸಪ್ಪ.”

ಮೆರವಣಿಗೆ ನಿಂತಿತು. ಬಿಸಿಲಿನಲ್ಲಿ ಬಾಸಿಂಗ ಕಟ್ಟಿಕೊಂಡ ಗಂಡು ಬೆವರುತ್ತಾ ನಿಂತ. ಎರಡನೇ ಸಲ ಆಯಿತು, ಮೂರನೇ ಸಲ ಶುರುವಾಯಿತು. ಅಪ್ಪ ಓಡಿಬಂದರು. “ಏನೇ ಇದು? ಮುಹೂರ್ತ ಮೀರ್ತದೆ!”

“ಮುಹೂರ್ತ ವರ್ಷಕ್ಕೆ ನೂರು ಬತ್ತವೆ ಅಣ್ಣ, ಈ ತಿರುವು ಬತ್ತದಾ?”

ಗಂಡು ಬಾಸಿಂಗದ ಒಳಗಿನಿಂದಲೇ, “ಮೂರನೇದು ಚೆನ್ನಾಗಿತ್ತು, ನಡೀರಿ” ಎಂದನಂತೆ. ಇದನ್ನು ನಾನು ಕಿವಿಯಾರೆ ಕೇಳಿಲ್ಲ. ಆದರೆ ಆ ದಂಪತಿಗಳಿಗೆ ಈಗ ಮೊಮ್ಮಕ್ಕಳಿದ್ದಾರೆ, ಆದ್ದರಿಂದ ಮುಹೂರ್ತಕ್ಕೇನೂ ಆಗಿಲ್ಲ.

ಬೈಲಕುಪ್ಪೆಯಲ್ಲಿ ಟಿಬೆಟಿನವರು ಬಂದು ನೆಲೆಸಿದ್ದ ಕಾಲ. ಅವರ ಭಿಕ್ಷುಗಳು ಹೊಟ್ಟೆಯಾಳದಿಂದ ಹಾಡುತ್ತಾರೆಂದು ಸ್ವೆಟರ್ ಮಾರಲು ಬಂದ ಹೆಂಗಸು ಕೈಸನ್ನೆಯಲ್ಲಿ ಹೇಳಿದ್ದೇ ತಡ, ಅತ್ತೆ ಒಂದು ಚೀಲ ಅವರೆಕಾಯಿ ಹೊತ್ತುಕೊಂಡು ನನ್ನನ್ನೂ ಎಳೆದುಕೊಂಡು ಹೊರಟರು. ಕೂತೆವು. ಆ ಪಠಣ ಒಂದು ಗಂಟೆಗೆ ಮುಗಿಯಲಿಲ್ಲ, ಎರಡಕ್ಕೂ ಮುಗಿಯಲಿಲ್ಲ. ನನ್ನ ಕಾಲು ಜೋಮು ಹಿಡಿದು ಯಾರದೋ ಕಾಲಿನಂತಾಯಿತು. ಕೊನೆಗೂ ಮುಗಿಯಿತು. ಅತ್ತೆ ಬೆರಳು ಮಡಿಸಿ, “ಒಂದಾಯ್ತು” ಎಂದರು. ಅವರನ್ನು ಅಲ್ಲಿಂದ ಎಬ್ಬಿಸಲು ನಾನು ಪರೀಕ್ಷೆ, ಜ್ವರ, ಕೊನೇ ಬಸ್ಸು ಎಂದು ಎಷ್ಟು ಸುಳ್ಳು ಹೇಳಿದೆನೋ!

ಬಸ್ಸಿನಲ್ಲಿ ಕೇಳಿದೆ, “ಗ್ರೇಡು?”

“ಅದಕ್ಕೆ ಗ್ರೇಡ್ ಹಾಕಕ್ಕಾಗಲ್ಲ. ಅದು ಸೊಪ್ಪಲ್ಲ ಕಣೆ, ಬ್ಯಾರನ್ನಿನ ಗೋಡೆ.”

ಅತ್ತೆಯ ಈ ಆರ್ಭಟಕ್ಕೆ ಅಡ್ಡ ನಿಂತವರು ಒಬ್ಬರೇ, ಕೆಂಪಮ್ಮ. ಎಚ್.ಡಿ. ಕೋಟೆ ಕಡೆಯ ಕಾಡಂಚಿನ ಹಾಡಿಯವಳು. ಪ್ರತಿ ವರ್ಷ ಸೊಪ್ಪಿನ ಕಾಲಕ್ಕೆ ಅತ್ತೆಯ ಬ್ಯಾರನ್ನಿಗೆ ಕೆಲಸಕ್ಕೆ ಬರುತ್ತಿದ್ದಳು. ಕಡ್ಡಿಗೆ ಸೊಪ್ಪು ಕಟ್ಟುವ ಅವಳ ಬೆರಳನ್ನು ಕಣ್ಣಿನಿಂದ ಹಿಂಬಾಲಿಸಲು ಆಗುತ್ತಿರಲಿಲ್ಲ. ಮಾತೂ ಅಷ್ಟೇ ಚುರುಕು, ‘ಹ’ಕಾರ ಹೇಳುವಷ್ಟೂ ಪುರಸೊತ್ತಿಲ್ಲ. ಅವರ ಕಡೆ ಜೇನು ಕೀಳುವಾಗ ಒಂದು ಹಾಡು ಹೇಳುತ್ತಾರೆಂದು ತಿಳಿದ ಅತ್ತೆ ಅವಳ ಬೆನ್ನು ಬಿದ್ದರು.

“ಹೇಳೇ ಕೆಂಪಿ.”

“ಆಗಾಕಿಲ್ಲ ಅಕ್ಕ. ಅದು ಜೇನಿಗೆ ಏಳೋ ಪದ.”

“ಜೇನಿಗೆ ಕೇಳಿಸೋದು ನಂಗೆ ಕೇಳಿಸ್ಬಾರ್ದಾ?”

“ಸುಮ್ಸುಮ್ಕೆ ಏಳಿದ್ರೆ ಉಳ ಎಲ್ಲಾ ಎದ್ದು ಬಂದು ‘ಯಾಕ್ ಕರೆದ್ರಿ?’ ಅಂತವೆ. ನೀನು ಉತ್ರ ಕೊಟ್ಟೀಯಾ? ಎಲ್ಲಾ ಪದಕ್ಕೂ ಅದರದ್ದೇ ಒತ್ತು ಅದೆ ಅಕ್ಕ. ಒತ್ತು ಬಂದಾಗ ಅದೇ ಬತ್ತದೆ.”

ಅತ್ತೆ ಮೂರು ವರ್ಷ ಬೇಡಿದರು. ಬೆಲ್ಲ ಕೊಟ್ಟರು, ಸೀರೆ ಕೊಟ್ಟರು. ಕೆಂಪಮ್ಮ ಬೆಲ್ಲ ತಿಂದಳು, ಸೀರೆ ಉಟ್ಟಳು, ಹಾಡಲಿಲ್ಲ.

ಒಂದು ಮಧ್ಯಾಹ್ನ ಮೂವರೂ ಬ್ಯಾರನ್ನಿನ ನೆರಳಿನಲ್ಲಿ ಸೊಪ್ಪು ಗುಡ್ಡೆ ಮಾಡುತ್ತಿದ್ದೆವು. ಕೆಂಪಮ್ಮ ತಲೆ ಎತ್ತದೆ ಕೇಳಿದಳು, “ಅಲ್ಲಕ್ಕ, ಆ ಬಸ್ಸಿನ ಪದ ಸಿಕ್ಕಿದ್ರೆ ಏನ್ ಮಾಡೀಯೆ?”

ಇಷ್ಟು ವರ್ಷ ಡೈರಿ ಹಿಡಿದು ಹಿಂದೆ ತಿರುಗಿದ ನನಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ. ವಿಶ್ವವಿದ್ಯಾನಿಲಯದಲ್ಲಿ ಕಲಿತದ್ದು ಇಷ್ಟೇ!

ಅತ್ತೆ ಒಂದು ಎಲೆಯನ್ನು ಬೆರಳಲ್ಲಿ ನೀವುತ್ತಾ ಹೇಳಿದರು. “ಅವತ್ತು ಬ್ಯಾರನ್ನಿನಲ್ಲಿ ಕೊನೇ ಸೊಪ್ಪು ನೇತಾಕಿದ್ದೆ. ಬೆಂಕಿ ಹಚ್ಚಿರ್ಲಿಲ್ಲ. ಯಾರಿಗೆ ಹಚ್ಚೋದು ಅಂತ ಬುಟ್ಟು ಹೊರಟೆ. ಆ ಹಾಡು ಕೇಳ್ತು ನೋಡು, ಬಸ್ಸೂ ಹೋಯ್ತು, ವಾಪಸ್ ನಡಕೊಂಡು ಬಂದು ಬೆಂಕಿ ಹಚ್ದೆ. ಥರ್ಮಾಮೀಟರೂ ಇರ್ಲಿಲ್ಲ, ಗೋಡೆಗೆ ಅಂಗೈ ಇಟ್ಟೇ ಕಾವು ನೋಡ್ದೆ. ಅರ್ಧ ಹಾಡು ಕೇಳಿ ಪೂರ್ತಿ ತೀರ್ಮಾನ ಮಾಡ್ಬುಟ್ಟೆ ಕಣೆ. ಅಣ್ಣನ ಮನಸ್ಸೂ ನೋಯಿಸ್ದೆ. ಮಿಕ್ಕರ್ಧ ಏನಂತಿತ್ತೋ? ಹೋಗು ಅಂತಿತ್ತೋ, ಇರು ಅಂತಿತ್ತೋ? ಸರಿ ಮಾಡಿದ್ನಾ ತಪ್ಪು ಮಾಡಿದ್ನಾ ಅಂತ ಅದನ್ನ ಕೇಳ್ಬೇಕು. ಅಷ್ಟೆಯ.”

ಮನೆಯಲ್ಲಿ ನಾವೆಲ್ಲ ಹತ್ತು ಹನ್ನೆರಡು ವರ್ಷ ನಕ್ಕ ಕಥೆ ಇದು.

ಅದೇ ವರ್ಷ, ಕಾರ್ತಿಕದಲ್ಲಿ, ತಗಡಿನ ಕೊಳವೆ ಮಾಡಿಸಲು ಹೇಳಿ ಬರಲು ಅತ್ತೆಯೂ ನಾನೂ ಪಿರಿಯಾಪಟ್ಟಣಕ್ಕೆ ಹೋಗಿದ್ದೆವು. ಆಗ ನಾನು ಮೈಸೂರಿನಲ್ಲಿ ಪಾಠ ಹೇಳುತ್ತಿದ್ದೆ. ವಾಪಸ್ ಬರಲು ಬಸ್ಸಿಗೆ ಕಾಯುತ್ತಿರುವಾಗ ಎದುರುಗಡೆ ಮಡಿಕೇರಿಗೆ ಹೋಗುವ ಬಸ್ಸು ಚಕ್ರ ಪಂಕ್ಚರಾಗಿ ನಿಂತಿತ್ತು. ಕೊಡಗಿಗೆ ಕಾಫಿ ಕೊಯ್ಲಿಗೆ ಹೊರಟ ಜನ, ಗಂಟುಮೂಟೆ ಕಟ್ಟಿಕೊಂಡು ಮರದ ಕೆಳಗೆ ಕೂತಿದ್ದರು. ಅವರ ನಡುವೆ ಒಬ್ಬಳು ಮುದುಕಿ ಎಲೆಯಡಿಕೆ ಉಗಿದು ಪದ ಎತ್ತಿದಳು. ಮಿಕ್ಕವರು ದನಿ ಸೇರಿಸಿದರು.

ಕೋಳಿಗೆ ಹೇಳ್ಬಂದೆ, ಕರುವಿಗೆ ಹೇಳ್ಬಂದೆ,
ಬಾಗ್ಲಿಗೆ ಹೇಳ್ಬಂದೆ ಹೋಯ್ತೀವಿ ಅಂತ...

ದನಿ ಮೆಟ್ಟಿಲು ಹತ್ತಿತು. ಹತ್ತಿ ಹತ್ತಿ, ಮೇಲಿನ ಮೆಟ್ಟಿಲಿನಲ್ಲಿ ಏನನ್ನೋ ಮರೆತವರ ಹಾಗೆ ನಿಂತುಬಿಟ್ಟಿತು!

ಅತ್ತೆ ನನ್ನ ಕೈ ಹಿಡಿದುಕೊಂಡರು. ಹುಣಸೂರಿನ ಬಡಗಿಯನ್ನೂ ರಾವಂದೂರಿನ ಮದುವೆ ಗಂಡನ್ನೂ ಅಲ್ಲಾಡಿಸಿದ ನಮ್ಮತ್ತೆ “ಇನ್ನೊಂದ್ಸಲ” ಎನ್ನಲಿಲ್ಲ. ಮೆಲ್ಲಗೆ ಹೋಗಿ ಮುದುಕಿಯ ಪಕ್ಕದಲ್ಲಿ ಕೂತರು.

“ಯಾವೂರವ್ವ?”

“ಭೇರ್ಯದ ಕಡೆಯೋರು ಕಣವ್ವ.”

ಭೇರ್ಯ! ಸಿಲೋನಿನಾಚೆಯ ಸ್ಟೇಷನ್ನುಗಳನ್ನೆಲ್ಲ ಜಾಲಾಡಿಸಿದ್ದ ಹಾಡು ನಮ್ಮಪ್ಪನ ಮನೆಯ ತಾಲ್ಲೂಕಿನದು, ಅಪ್ಪಟ ಕನ್ನಡದ್ದು!

“ಪ್ರತಿ ವರ್ಷ ಇದೇ ಬಸ್ಸಲ್ಲೇ ಹೋಯ್ತೀರಾ?”

“ನಮ್ಮವ್ವನ ಕಾಲದಿಂದ್ಲೂ.”

“ಮುಂದಕ್ಕೆ ಹೇಳವ್ವ. ಅಲ್ಲಿಗೇ ಯಾಕೆ ನಿಲ್ಲಿಸಿದ್ರಿ?”

ಮುದುಕಿ ನಕ್ಕಳು. “ಇದು ಹೋಗೋವಾಗಿನ ಅರ್ಧ ಕಣವ್ವ. ಮಿಕ್ಕರ್ಧ ಬರೋವಾಗ. ಹೋಗ್ತಾ ಇಷ್ಟೇ ಹೇಳೋದು, ಕೊಯ್ಲು ಮುಗಿಸ್ಕೊಂಡು ಬತ್ತಾ ಅದನ್ನ ಹೇಳೋದು. ಈಗ್ಲೇ ಹೇಳ್ಬುಟ್ರೆ ಹೋಗಕ್ಕೆ ಕಾಲು ಬತ್ತದಾ?”

ನೋಡಿ ತಮಾಷೆ! ಅಂದು ಹಾಡನ್ನು ಅರ್ಧಕ್ಕೆ ತುಂಡರಿಸಿದ್ದು ಸೇತುವೆಯಲ್ಲ, ಇಂಜಿನ್ನೂ ಅಲ್ಲ. ಮಡಿಕೇರಿಯವರೆಗೆ ಓಡಿದ್ದರೂ ಅತ್ತೆಗೆ ಸಿಗುತ್ತಿದ್ದದ್ದು ಅರ್ಧವೇ.

ನಾನು ಸುಮ್ಮನಿರಲಾರದೆ, “ಅಜ್ಜಿ, ಇವರಿಗಾಗಿ ಒಂದೇ ಒಂದು ಸಲ...” ಎಂದೆ. ಅತ್ತೆ ನನ್ನ ತೊಡೆ ಚಿವುಟಿದರು. “ಸುಮ್ಕಿರೇ. ಎಲ್ಲಾ ಪದಕ್ಕೂ ಅದರದ್ದೇ ಹೊತ್ತು ಅದೆ.” ಕೆಂಪಮ್ಮನ ಮಾತು! ಮೂರು ವರ್ಷದ ಬೆಲ್ಲ ವ್ಯರ್ಥವಾಗಿರಲಿಲ್ಲ.

“ವಾಪಸ್ ಯಾವಾಗವ್ವ?”

“ಶಿವರಾತ್ರಿ ಸುತ್ತಮುತ್ತ.”

ಆ ಮೂರು ತಿಂಗಳು ಅತ್ತೆ ಯಾವ ಹಾಡಿಗೂ ಗ್ರೇಡು ಹಾಕಲಿಲ್ಲ. ಟ್ರಾನ್ಸಿಸ್ಟರ್ ಮೊಳೆಯಲ್ಲಿ ಮೂಕವಾಗಿ ತೂಗಿತು. ಶಿವರಾತ್ರಿಗೆ ವಾರ ಇರುವಾಗಲೇ ಬುತ್ತಿ ಕಟ್ಟಿಕೊಂಡು ದಿನಾ ಬೆಳಿಗ್ಗೆ ಹುಣಸೂರು ಬಸ್ ಸ್ಟ್ಯಾಂಡಿಗೆ ಹೋಗಿ ಕೂರತೊಡಗಿದರು. ಜೊತೆಗೆ ಕೆಂಪಮ್ಮ. ಬಸ್ ಸ್ಟ್ಯಾಂಡಿನವರೆಲ್ಲ ಅವರನ್ನು ನೋಡಿ ಬಾಯಿ ಮುಚ್ಚಿಕೊಂಡೇ ಓಡಾಡಿದರಂತೆ.

ಮುಂದಿನದನ್ನು ಎಚ್ಚರದಿಂದ ಬರೆಯಬೇಕು. ನನ್ನ ನೆನಪಿನಲ್ಲಿ ನಾನೂ ಅಲ್ಲೇ ಇದ್ದೇನೆ. ಮಡಿಕೇರಿ ಬಸ್ಸು ಧೂಳೆಬ್ಬಿಸಿಕೊಂಡು ಬರುತ್ತದೆ, ಕಿಟಕಿಯಲ್ಲಿ ಮುದುಕಿಯ ಮುಖ, ಅತ್ತೆ ಎದ್ದು ನಿಲ್ಲುತ್ತಾರೆ. ಎಲ್ಲ ಕಣ್ಣಿಗೆ ಕಟ್ಟಿದಂತಿದೆ. ಆದರೆ ಡೈರಿಯ ಪ್ರಕಾರ ಆ ದಿನ ನಾನು ಮೈಸೂರಿನಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ! ಹಾಗಾದರೆ ನಾನು ನೋಡಿದ್ದೆಲ್ಲ ಕೆಂಪಮ್ಮ ಹೇಳಿದ್ದಿರಬೇಕು. ಇದೊಂದು ಸಂಗತಿಯಲ್ಲಿ ಮಾತ್ರ ಡೈರಿಗಿಂತ ನೆನಪೇ ಇರಲಿ ಅನ್ನಿಸುತ್ತದೆ.

ಬಸ್ಸು ನಿಂತಿತು. ಮುದುಕಿ ಅತ್ತೆಯನ್ನು ಗುರುತು ಹಿಡಿದು, ಇಳಿಯದೆ ಕಿಟಕಿಯಿಂದಲೇ ಪದ ಎತ್ತಿದಳು. ಮೇಲಿನ ಮೆಟ್ಟಿಲಿನಲ್ಲಿ ಇಷ್ಟು ವರ್ಷ ನಿಂತಿದ್ದ ಹಾಡು, ಒಂದೊಂದೇ ಮೆಟ್ಟಿಲು ಇಳಿದು ಬಂತು.

ಒಲೆಯೇ ನೀನಾರ್ಬೇಡ, ಬೂದೀಲಿ ಕೆಂಡಿರಲಿ,
ಬತ್ತೀವಿ ತಡಿ ಒಲೆಯೇ, ಹಚ್ಚೋರು ನಾವೇಯ...

ಅತ್ತೆ ಅಳಲಿಲ್ಲವಂತೆ. “ಅಕ್ಕ ಅಂಗೇ ನಿಂತಿದ್ದಳು ಕಣಮ್ಮಿ. ಬಸ್ಸು ಓದ ಮೇಲೆ ಎರಡೂ ಅಂಗೈ ತಿರುಗಿಸಿ ತಿರುಗಿಸಿ ನೋಡ್ಕಂಡ್ಳು” ಎಂದಳು ಕೆಂಪಮ್ಮ.

ಮುಂದಿನ ಭಾನುವಾರ ನಾನು ಹೋದಾಗ ಅತ್ತೆ ಎಂದಿನಂತೆ ಜೋರಾಗಿದ್ದರು. ಟ್ರಾನ್ಸಿಸ್ಟರ್ ಅರಚುತ್ತಿತ್ತು. ಡೈರಿ ತೆಗೆದು ಕೇಳಿದೆ, “ಈಗಲಾದರೂ ಆ ಒಂದನೇ ಗ್ರೇಡು ಕೊಡ್ತೀರಾ?”

“ಬೀಜಕ್ಕೆ ಅಂತ ಬುಟ್ಟ ಗಿಡಕ್ಕೆ ಯಾರಾದ್ರೂ ಗ್ರೇಡ್ ಹಾಕ್ತಾರೇನೇ, ದಡ್ಡಿ!” ಎಂದರು. ಹೊರಡುವಾಗ ಬಾಗಿಲವರೆಗೆ ಬಂದು, ಸೆರಗಿನ ತುದಿ ಸುತ್ತುತ್ತಾ, “ನಿಮ್ಮಪ್ಪಂಗೆ ಒಂದ್ಮಾತು ಹೇಳು. ಅವತ್ತು ಬಸ್ಸು ಸರಿಯಾಗೇ ತಪ್ತು ಅಂತ” ಎಂದರು.

ಕೆ.ಆರ್. ನಗರಕ್ಕೆ ಹೋಗಿ ಅಪ್ಪನಿಗೆ ಹಾಡನ್ನೂ ಹೇಳಿದೆ, ಮಾತನ್ನೂ ಹೇಳಿದೆ. ಅವರ ಮಾಮೂಲಿ ತಮಾಷೆಗೆ ಕಾದೆ. ಮರುದಿನ ಬೆಳಿಗ್ಗೆ ಅಪ್ಪ ಮಂಚದ ಕೆಳಗಿನಿಂದ ಟ್ರಂಕನ್ನು ಎಳೆದರು. ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿದರು. ಯಾರಿಗೂ ಹಿಡಿಯಲು ಕೊಡದೆ ತಾವೇ ಹೊತ್ತುಕೊಂಡು ಹುಣಸೂರಿನ ಬಸ್ಸು ಹತ್ತಿದರು. ನಾನು ಹಿಂದೆಯೇ ಹೋದೆ. ಇದು ಡೈರಿಯಲ್ಲಿದೆ.

ಅತ್ತೆ ಅಂಗಳದಲ್ಲಿದ್ದರು. ಅಪ್ಪ ಟ್ರಂಕು ಇಳಿಸಿದರು.

“ಇದೇನಣ್ಣ?”

“ನಿನ್ನ ಸಾಮಾನು. ಬಸ್ಸಿನವರು ತಪ್ಪಿ ನಮ್ಮನೇಲಿ ಇಳಿಸಿದ್ರು.”

ಬೀಗದ ಕೈ ಅತ್ತೆಯ ತಾಳಿಯಿಲ್ಲದ ಕರಿದಾರದಲ್ಲೇ ಇತ್ತು. ಟ್ರಂಕು ತೆರೆಯಿತು. ನಾಲ್ಕು ಸೀರೆ, ಒಂದು ಕಂಬಳಿ. ಸೀರೆಯ ಮಡಿಕೆಯೊಳಗೆ ಜೋಪಾನವಾಗಿ ಸುತ್ತಿಟ್ಟ ಬ್ಯಾರನ್ನಿನ ಥರ್ಮಾಮೀಟರು.

ಅಪ್ಪ ಅದನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು. “ಹೊಗೆಸೊಪ್ಪು ಬಿಟ್ಟು ಬರ್ತಿದ್ದೋಳು ಇದನ್ನ ಯಾಕೆ ಕಟ್ಕೊಂಡೆ?”

“ಗೊತ್ತಿಲ್ಲ ಕಣಣ್ಣ” ಎಂದರು ಅತ್ತೆ.

ಅಪ್ಪ ಎದ್ದು ಹೋಗಿ ಅದನ್ನು ಬ್ಯಾರನ್ನಿನ ಗೋಡೆಯ ಮೊಳೆಗೆ, ಟ್ರಾನ್ಸಿಸ್ಟರಿನ ಪಕ್ಕ, ನೇತುಹಾಕಿದರು. ಕೈ ಒರೆಸಿಕೊಂಡರು. ಜೀವಮಾನದಲ್ಲಿ ಮಗ್ಗಿ ಬಿಟ್ಟು ಬೇರೇನನ್ನೂ ರಾಗವಾಗಿ ಕೇಳದ ಮನುಷ್ಯ, ಬೇರೆ ಕಡೆ ನೋಡುತ್ತಾ ಹೇಳಿದರು: “ಆ ಪದ ಹೆಂಗದೆ? ಒಂದ್ಸಲ ಹೇಳು. ಸಂಜೆ ಬಸ್ಸಿಗೆ ನಾನು ಹೋಗ್ಬೇಕು.”

ಅತ್ತೆ ಜಗಲಿಯ ಮೇಲೆ ಚಾಪೆ ಹಾಸಿದರು. “ಮೂರು ಸಲ ಕೇಳ್ಬೇಕು” ಎಂದರು.

ಆ ದಿನ ಅಪ್ಪನಿಗೆ ಕೆ.ಆರ್. ನಗರದ ಬಸ್ಸು ತಪ್ಪಿತು.